ಅರ್ಧ ಮಿಲಿಮೀಟರಿನ ಕಥೆ

ಹೋದ ಸಂಚಿಕೆಯಲ್ಲಿ ಮಾತಿನ ನಡುವೆ ‘ನಾನೊಂದು ಏರ್ ರೈಫಲ್ ಕೊಂಡಿದ್ದೇನೆ’ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಮೂರು ಮಂದಿ ಓದುಗರು ಯಾವ ಸ್ಕೋಪ್ ಹಾಕಿದ್ದೀರಿ, ಹೇಗೆ ಕೂರಿಸಿದಿರಿ ಅಂತ ಕೇಳಿ ಬರೆದರು. ನಾಲ್ಕನೆಯವರು, ನಮ್ಮೂರಿನ ಕಡೆಯ ಹಿರಿಯರು, ‘ಮೂವತ್ತೆಂಟು ವರ್ಷಕ್ಕೆ ಇದೆಲ್ಲ ಯಾಕಪ್ಪಾ’ ಅಂತ ಕೇಳಿದರು. ಮೊದಲ ಮೂವರಿಗೆ ಈ ತಿಂಗಳು ಉತ್ತರ ಬರೆಯುತ್ತಿದ್ದೇನೆ. ನಾಲ್ಕನೆಯವರ ಪ್ರಶ್ನೆಯನ್ನು ನನ್ನ ಹೆಂಡತಿ ಮನೆಯಲ್ಲಿ ದಿನಾ ಕೇಳುತ್ತಾಳೆ, ಅವಳಿಗೇ ಇನ್ನೂ ಉತ್ತರ ಕೊಟ್ಟಿಲ್ಲ.

ಮೊದಲೇ ಒಂದು ಮಾತು. ‘ಲಾಂಗ್ ರೇಂಜ್’ ಅಂದ ತಕ್ಷಣ ಸಿನಿಮಾದವರು ಕಿಲೋಮೀಟರ್ ಲೆಕ್ಕ ಹೇಳುತ್ತಾರೆ. ಅಂಥ ಬಂದೂಕು ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದೆ. ಎಸ್‌ಎಸ್‌ಎಸ್ ಡಿಫೆನ್ಸ್‌ನವರ ಪಾಯಿಂಟ್ 338 ಸ್ನೈಪರ್ ರೈಫಲ್ ಬಗ್ಗೆ ನೀವೂ ಪತ್ರಿಕೆಯಲ್ಲಿ ಓದಿರಬಹುದು. ನನ್ನಂಥ ಓಎಂಆರ್ ರಸ್ತೆಯ ಸಾಫ್ಟ್‌ವೇರ್ ಗುಮಾಸ್ತನಿಗೆ ಅದು ಪತ್ರಿಕೆಯಲ್ಲಿ ಓದುವ ವಿಷಯ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು 0.177 ಇಂಚಿನ, 20 ಜೂಲ್ ಮೀರದ ಏರ್ ಗನ್. ಅರ್ಧ ಗ್ರಾಮಿನ ಸೀಸದ ಪೆಲೆಟ್ಟಿಗೆ 50 ಮೀಟರ್ ಅಂದರೆ ದೊಡ್ಡ ಪ್ರಯಾಣವೇ. ನನ್ನ ಬಂದೂಕನ್ನು 25 ಮೀಟರಿಗೆ ಸರಿಹೊಂದಿಸಿಟ್ಟರೆ, ಅದೇ ಗುರಿಯಲ್ಲಿ 50 ಮೀಟರಿಗೆ ಹೊಡೆದ ಪೆಲೆಟ್ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸ್ಕೋಪಿನ ಕಷ್ಟಸುಖಗಳೆಲ್ಲ ಇಷ್ಟು ದೂರದಲ್ಲೇ ಅನುಭವಕ್ಕೆ ಬರುತ್ತವೆ.

ನನಗೆ ಇದನ್ನು ಕಲಿಸುತ್ತಿರುವವರು ಕೊಡಗಿನ ಕಡೆಯ ಒಬ್ಬ ನಿವೃತ್ತ ಸುಬೇದಾರರು. ಸೇನೆಯಿಂದ ಬಂದಮೇಲೆ ಮಗಳ ಮನೆ ಅಂತ ಇಲ್ಲೇ ಚೆನ್ನೈಯಲ್ಲಿ ನಿಂತಿದ್ದಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾ ಬೆಳೆದವರು. ಅವರಿಗೆ ಸ್ಕೋಪ್ ಅಂದರೆ ಸ್ವಲ್ಪ ತಾತ್ಸಾರ. ‘ಒಲಿಂಪಿಕ್ಸ್‌ನಲ್ಲಿ ರೈಫಲ್ ಹೊಡೆಯುವವರಿಗೆ ಸ್ಕೋಪೇ ಇಲ್ಲ ಮಾರಾಯ, ಸಣ್ಣ ತೂತಿನಲ್ಲಿ ನೋಡಿ ಹೊಡೆಯೋದು. ನಿನಗೆ ಎಂತಕ್ಕೆ?’ ಅಂದರು. ನಿಜವೇ, 10 ಮೀಟರ್ ಏರ್ ರೈಫಲಿನ ನಡುಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ, ಅದಕ್ಕೂ ಭೂತಗನ್ನಡಿ ಇಲ್ಲ. ಆದರೆ ಹದಿನೈದು ವರ್ಷ ಮಾನಿಟರ್ ನೋಡಿದ ನನ್ನ ಕಣ್ಣಿಗೆ 50 ಮೀಟರಿನ ಕಪ್ಪು ವೃತ್ತ ಇರುವೆಯ ಸಾಲಿನಂತೆ ಓಡಾಡುತ್ತದೆ. ಹಾಗಾಗಿ ಸ್ಕೋಪ್ ತರಿಸಿದೆ.

ಎರಡು ಸಲ ತರಿಸಿದೆ ಅನ್ನಬೇಕು. ಮೊದಲನೆಯದು ಹಣ ಹಾಳು ಮಾಡಿದ ಕಥೆ. ಅಂಗಡಿಯಲ್ಲಿ ‘ಇದು ದೊಡ್ಡ ಬಂದೂಕಿಗೇ ಹಾಕೋ ಸ್ಕೋಪ್ ಸಾರ್, ನಿಮ್ಮ ಏರ್ ಗನ್ ಯಾವ ಲೆಕ್ಕ’ ಅಂದರು. ನಾನೂ ತಲೆಯಾಡಿಸಿದೆ. ನನ್ನದು ಸ್ಪ್ರಿಂಗ್ ಬಂದೂಕು. ಸಿಡಿಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಬಂದೂಕಿನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ಕೊನೆ ಮುಟ್ಟಿದ ಕ್ಷಣ ಮುಂದಕ್ಕೆ ಎಗರುತ್ತದೆ. ಒಂದೇ ಪೆಟ್ಟಿಗೆ ಎರಡು ದಿಕ್ಕಿನ ಒದೆತ. ಸ್ಕೋಪಿನ ಒಳಗಿನ ಗಾಜುಗಳನ್ನು ಹಿಂದೊದೆತಕ್ಕೆ ಮಾತ್ರ ಬಿಗಿದಿದ್ದರೆ ಮುಂದಿನ ಒದೆತಕ್ಕೆ ಅವು ಸಡಿಲವಾಗುತ್ತವೆ. ಇನ್ನೂರು ಪೆಲೆಟ್ ಆಗುವಷ್ಟರಲ್ಲಿ ನನ್ನ ಸ್ಕೋಪಿನ ಅಡ್ಡಗೆರೆ ಒಂದು ಬದಿಗೆ ವಾಲಿತ್ತು. ಸ್ಪ್ರಿಂಗ್ ಬಂದೂಕಿಗೆ ತಾಳುತ್ತದೆ ಅಂತ ತಯಾರಕರೇ ಬರೆದಿರುವ ಸ್ಕೋಪನ್ನೇ ಕೊಳ್ಳಿ.

ಎರಡನೆಯ ವಿಷಯ ಹತ್ತಿರದ ಫೋಕಸ್. ಬೇಟೆ ಬಂದೂಕಿಗೆಂದು ಮಾಡಿದ ಬಹಳಷ್ಟು ಸ್ಕೋಪುಗಳನ್ನು 100 ಗಜಕ್ಕೆ ಹೊಂದಿಸಿ ಕಳಿಸಿರುತ್ತಾರೆ. ಅದರಲ್ಲಿ 15 ಮೀಟರಿನ ಗುರಿ ನೋಡಿದರೆ ಮಂಜು ಮಂಜು. ಮಂಜಿಗಿಂತ ದೊಡ್ಡ ತೊಂದರೆ ಪ್ಯಾರಲಾಕ್ಸ್. ಬಂದೂಕನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ, ತಲೆಯನ್ನು ಮಾತ್ರ ಅತ್ತಿತ್ತ ಆಡಿಸಿ ನೋಡಿ. ಅಡ್ಡಗೆರೆ ಗುರಿಯ ಮೇಲೆ ಜಾರಾಡಿದರೆ, ನೀವು ಕೆನ್ನೆ ಇಡುವ ಜಾಗ ಒಂದಿಷ್ಟು ಬದಲಾದರೂ ಪೆಲೆಟ್ ಬೇರೆ ಕಡೆ ಹೋಗುತ್ತದೆ ಅಂತ ಅರ್ಥ. ಪಕ್ಕದ ತಿರುಗಣೆಯಿಂದ 10 ಮೀಟರಿನವರೆಗೆ ಫೋಕಸ್ ಇಳಿಸಬಹುದಾದ್ದು ಬೇಕು. ಇದು ಬಿಟ್ಟು ಉಳಿದ ಸಂಖ್ಯೆಗಳಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. 4-16x44 ಅಂದರೆ ನಾಲ್ಕರಿಂದ ಹದಿನಾರು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 44 ಮಿಲಿಮೀಟರ್. ಕೊಳವೆ 30 ಮಿಲಿಮೀಟರ್ ಇದ್ದರೆ ಒಂದು ಇಂಚಿನದಕ್ಕಿಂತ ಬೆಳಕು ಹೆಚ್ಚು ಅಂತ ಅಂಗಡಿಯವರು ಹೇಳುವುದು ಬರೀ ಮಾತು. ದಪ್ಪ ಕೊಳವೆಯಲ್ಲಿ ಮೇಲೆಕೆಳಗೆ ಸರಿಸಲು ಜಾಗ ಹೆಚ್ಚು, ಅಷ್ಟೇ.

ಇನ್ನು ಕ್ಲಿಕ್ಕಿನ ಲೆಕ್ಕ. ಮಿಲ್ ಅಂದರೆ ಸಾವಿರಕ್ಕೆ ಒಂದು. 50 ಮೀಟರಿನಲ್ಲಿ ಒಂದು ಮಿಲ್ ಅಂದರೆ 5 ಸೆಂಟಿಮೀಟರ್, 0.1 ಮಿಲ್‌ನ ಒಂದು ಕ್ಲಿಕ್ ಅಂದರೆ 5 ಮಿಲಿಮೀಟರ್. ನನ್ನ 10 ಸೆಂಟಿಮೀಟರಿಗೆ ಇಪ್ಪತ್ತು ಕ್ಲಿಕ್. ಎಂಓಎ ಅನ್ನುವ ಇನ್ನೊಂದು ಪದ್ಧತಿ ಇದೆ, ಡಿಗ್ರಿಯ ಅರವತ್ತನೇ ಒಂದು ಭಾಗ, 100 ಮೀಟರಿಗೆ 29 ಮಿಲಿಮೀಟರ್. ಮೀಟರಿನಲ್ಲಿ ಯೋಚಿಸುವ ನಮಗೆ ಮಿಲ್ ಸುಲಭ. ಒಳಗಿನ ಗೆರೆಗಳು ಮಿಲ್, ಹೊರಗಿನ ತಿರುಗಣೆ ಎಂಓಎ ಇರುವ ಸ್ಕೋಪ್ ಮಾತ್ರ ಬೇಡವೇ ಬೇಡ. ಅದು ಕಿಲೋದಲ್ಲಿ ತೂಗಿ ಸೇರಿನಲ್ಲಿ ಲೆಕ್ಕ ಹೇಳಿದ ಹಾಗೆ.

ಈಗ ಕೂರಿಸುವ ಕೆಲಸ. ನಾನು ಮುಗ್ಗರಿಸಿದ್ದು ಇಲ್ಲೇ.

ಏರ್ ಗನ್ನಿನ ಮೈಮೇಲೆ ಸಾಮಾನ್ಯವಾಗಿ 11 ಮಿಲಿಮೀಟರಿನ ಡವ್‌ಟೇಲ್ ಗಾಡಿ ಇರುತ್ತದೆ. ಮೌಂಟಿನ ತುಟಿಗಳು ಅದನ್ನು ಕಚ್ಚಿ ಹಿಡಿಯಬೇಕು. ಕಾರ್ಖಾನೆಯ ಎಣ್ಣೆಯನ್ನು ಸ್ಪಿರಿಟ್ ಹಾಕಿ ಒರೆಸಬೇಕು. ನಾನು ಒರೆಸಲಿಲ್ಲ. ಕ್ರಿಕೆಟ್ ನೋಡುತ್ತಾ ಸೋಫಾದ ಮೇಲೆ ಕೂತು, ಮೌಂಟಿನ ಜೊತೆ ಬಂದ ಪುಟ್ಟ ಅಲೆನ್ ಕೀಯಲ್ಲಿ ‘ಸಾಕು’ ಅನಿಸುವಷ್ಟು ಬಿಗಿದೆ. ಬೆರಳಿಗೆ ಸಾಕು ಅನಿಸಿದ್ದು ಬಂದೂಕಿಗೆ ಸಾಕಾಗಲಿಲ್ಲ.

ಮರುದಿನ ಭಾನುವಾರ. ಚೆಂಗಲ್ಪಟ್ಟಿನ ಆಚೆ ಸಹೋದ್ಯೋಗಿಯೊಬ್ಬರ ಮಾವಿನ ತೋಪಿದೆ. ಅಲ್ಲಿ ಎತ್ತರದ ಮಣ್ಣಿನ ದಿಬ್ಬಕ್ಕೆ ಬೋರ್ಡ್ ಆನಿಸಿ ಅಭ್ಯಾಸ ಮಾಡುತ್ತೇವೆ. 25 ಮೀಟರಿನಲ್ಲಿ ಸರಿಹೊಂದಿಸಿ, ಇಪ್ಪತ್ತು ಕ್ಲಿಕ್ ಏರಿಸಿ, 50 ಮೀಟರಿನ ಬೋರ್ಡಿಗೆ ಹೊಡೆದೆ. ಕಾಗದದ ಮೇಲೆ ತೂತೇ ಇಲ್ಲ. 50 ಮೀಟರ್ ಅಲ್ಲವೇ, ಕೆಳಗೆ ಬಿದ್ದಿರಬೇಕು ಅಂದುಕೊಂಡೆ. ನೋಡಲಿಲ್ಲ, ಕೇಳಲಿಲ್ಲ, ಇನ್ನೂ ಹತ್ತು ಕ್ಲಿಕ್ ಏರಿಸಿದೆ. ಎರಡನೆಯದು ಹೊಡೆದೆ. ಒಂದು ಕ್ಷಣ ಬಿಟ್ಟು ದಿಬ್ಬದ ಆಚೆಯಿಂದ ‘ಟಣ್’ ಅಂತ ಸದ್ದು.

ದಿಬ್ಬದ ಆಚೆ ಪಂಪ್ ಶೆಡ್ ಇದೆ, ತಗಡಿನ ಮಾಡು. ಅದರ ನೆರಳಿನಲ್ಲಿ ತೋಪಿನ ಕಾವಲಿನ ಅಣ್ಣ ಹಗ್ಗದ ಮಂಚ ಹಾಕಿಕೊಂಡು ಬೆಳಗಿನ ಟೀ ಕುಡಿಯುವುದು. ಲೋಟ ಕೈಯಲ್ಲೇ ಹಿಡಿದು ಎದ್ದು ಬಂದು ಮಾಡಿನ ಮೇಲೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ನಗುತ್ತಾ ‘ಕಾಕ್ಕಾ ಸಾರ್’ ಅಂದರು. ಕಾಗೆ ಏನೋ ಬೀಳಿಸಿತು ಅಂತ. ನಾನೂ ಕೈಯೆತ್ತಿ ನಕ್ಕೆ.

ಸುಬೇದಾರರು ನಗಲಿಲ್ಲ. ನನ್ನ ಕೈಯಿಂದ ಬಂದೂಕು ತೆಗೆದುಕೊಂಡು, ಖಾಲಿ ಇದೆಯೇ ಅಂತ ನೋಡಿ, ಸ್ಕೋಪನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದರು. ಹಿಂದಿನ ಮೌಂಟ್ ಡವ್‌ಟೇಲಿನಿಂದ ಎದ್ದು ಕೂತಿತ್ತು. ಎಷ್ಟು? ಸುಮಾರು ಅರ್ಧ ಮಿಲಿಮೀಟರ್. ಎರಡು ಮೌಂಟುಗಳ ನಡುವೆ ಹತ್ತು ಸೆಂಟಿಮೀಟರ್. ಅಂದರೆ ಇನ್ನೂರಕ್ಕೆ ಒಂದು. ಅದನ್ನೇ 50 ಮೀಟರಿಗೆ ಎಳೆದರೆ 25 ಸೆಂಟಿಮೀಟರ್. ಹಿಂಭಾಗ ಎದ್ದರೆ ಸ್ಕೋಪಿನ ಮೂತಿ ತಗ್ಗುತ್ತದೆ. ಗುರಿ ಕಾಣಬೇಕೆಂದು ನಾವು ಬಂದೂಕನ್ನೇ ಮೇಲೆತ್ತುತ್ತೇವೆ. ಪೆಲೆಟ್ ಮೇಲೆ ಹೋಗುತ್ತದೆ. ಮೊದಲನೆಯದು ದಿಬ್ಬದ ನೆತ್ತಿಗೆ ಹೊಕ್ಕಿರಬೇಕು. ನಾನು ಬುದ್ಧಿವಂತನಂತೆ ಇನ್ನೂ 5 ಸೆಂಟಿಮೀಟರ್ ಏರಿಸಿದ್ದೆ, ಅದು ದಿಬ್ಬ ದಾಟಿತು. ದಿನಾ ಕೋಡ್ ರಿವ್ಯೂನಲ್ಲಿ ಹುಡುಗರಿಗೆ ‘ಕಾರಣ ಗೊತ್ತಾಗದೆ ಸರಿಪಡಿಸಬೇಡಿ’ ಅಂತ ಪಾಠ ಹೇಳುವವನು ನಾನು.

‘ತೂತು ಕಾಣದಿದ್ದರೆ ಹೊಡೆಯೋದು ನಿಲ್ಲಿಸಬೇಕು. ಇನ್ನೊಂದು ಹೊಡೆದು ನೋಡೋದಲ್ಲ’ ಅಂದರು ಸುಬೇದಾರರು. ಅವತ್ತು ಇನ್ನೇನೂ ಮಾತಾಡಲಿಲ್ಲ. ವಾಪಸ್ ಬರುವಾಗ ಕಾರಿನಲ್ಲೂ ಇಲ್ಲ.

ಆಮೇಲೆ ಅವರು ಕೂತು ನನ್ನ ಕೈಯಲ್ಲೇ ಸ್ಕೋಪ್ ಕೂರಿಸಿದ ಕ್ರಮ ಹೀಗಿದೆ. ಡವ್‌ಟೇಲ್ ಮತ್ತು ಮೌಂಟ್ ಎರಡನ್ನೂ ಒರೆಸಿ ಒಣಗಿಸಿದೆವು. ಹಿಂದಿನ ಮೌಂಟಿನಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ, ಅದು ಬಂದೂಕಿನ ಮೈಮೇಲಿನ ಕುಳಿಯಲ್ಲಿ ಕೂರಬೇಕು, ಇಲ್ಲದಿದ್ದರೆ ಒದೆತಕ್ಕೆ ಇಡೀ ಸ್ಕೋಪ್ ಜಾರುತ್ತದೆ. ಮೌಂಟ್ ಬಿಗಿದು, ಸ್ಕೋಪನ್ನು ಬಳೆಗಳಲ್ಲಿ ಸಡಿಲವಾಗಿ ಮಲಗಿಸಿದೆವು. ಝೂಮ್ ಪೂರ್ತಿ ಏರಿಸಿ, ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ತಂದು, ಕೆನ್ನೆ ಆರಾಮಾಗಿ ಕೂತಮೇಲೆ ಕಣ್ಣು ಬಿಡಬೇಕು. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಂಡರೆ ದೂರ ಸರಿಯಿದೆ. ಕಾಣದಿದ್ದರೆ ಕತ್ತು ಚಾಚಬೇಡಿ, ಸ್ಕೋಪನ್ನು ಸರಿಸಿ. ಕತ್ತು ದಿನಕ್ಕೊಂದು ಥರ ಇರುತ್ತದೆ.

ಮುಂದೆ ಅಡ್ಡಗೆರೆ ನೆಟ್ಟಗಿಡುವುದು. ಹತ್ತು ಮೀಟರ್ ದೂರದ ಕೊಂಬೆಗೆ ದಾರ ಕಟ್ಟಿ, ತುದಿಗೆ ಮನೆಯ ಹಳೇ ಬೀಗ ನೇತುಹಾಕಿದೆವು. ಬಂದೂಕು ಮಟ್ಟದಲ್ಲಿರುವಾಗ ಸ್ಕೋಪಿನ ನಿಲುಗೆರೆ ಆ ದಾರದ ಮೇಲೆ ಕೂರಬೇಕು. ಹೊಡೆಯುವಾಗ ಬಂದೂಕು ಮೂರು ಡಿಗ್ರಿ ಓರೆಯಾದರೂ ನನ್ನ ಪೆಲೆಟ್ 50 ಮೀಟರಿನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಕೊನೆಗೆ ಬಳೆಯ ಸ್ಕ್ರೂಗಳು. ಕಾರಿನ ಚಕ್ರ ಬಿಗಿಯುವ ಹಾಗೆ ಎದುರು ಬದುರು, ಸ್ವಲ್ಪ ಸ್ವಲ್ಪವೇ, ಎರಡೂ ಕಡೆಯ ಸಂದು ಒಂದೇ ಸಮ ಇರುವಂತೆ. ಸುಮಾರು 2 ನ್ಯೂಟನ್ ಮೀಟರ್ ಸಾಕು, ತಯಾರಕರು ಬೇರೆ ಹೇಳಿದ್ದರೆ ಅದೇ ಸರಿ. ಅಳತೆಯ ಸ್ಕ್ರೂಡ್ರೈವರ್ ಕೊಳ್ಳಿ. ಭಯಕ್ಕೆ ಅತಿಯಾಗಿ ಬಿಗಿದರೆ ಕೊಳವೆಯೇ ತಗ್ಗಾಗುತ್ತದೆ. ಆಮೇಲೆ ಪ್ರತಿ ಸ್ಕ್ರೂ ತಲೆಯಿಂದ ಮೌಂಟಿನವರೆಗೆ ಉಗುರುಬಣ್ಣದ ಒಂದು ಗೆರೆ. ಸ್ಕ್ರೂ ತಿರುಗಿದರೆ ಗೆರೆ ಮುರಿಯುತ್ತದೆ. ಬಣ್ಣ ಹೆಂಡತಿಯದು, ಕೇಳಿಯೇ ತೆಗೆದುಕೊಂಡೆ.

ಸರಿಹೊಂದಿಸುವುದನ್ನು ಹತ್ತು ಮೀಟರಿನಿಂದ ಶುರುಮಾಡಿ. ಒಂದು ತೂತು ನೋಡಿ ತಿರುಗಣೆ ತಿರುಗಿಸಬೇಡಿ, ಐದು ಹೊಡೆದು ಗುಂಪಿನ ನಡುವನ್ನು ನೋಡಿ. ಚೆನ್ನೈಯವರಿಗೆ ಇನ್ನೊಂದು ಮಾತು: ಎಸಿ ಕಾರಿನಿಂದ ಸ್ಕೋಪನ್ನು ತಟ್ಟನೆ ಹೊರಗೆ ತೆಗೆದರೆ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಒರೆಸಲು ಹೋಗಬೇಡಿ, ಕಾಲು ಗಂಟೆ ಬಿಡಿ. ಮಧ್ಯಾಹ್ನದ ಕಡಲಗಾಳಿ ಏಳುವ ಮುಂಚೆ ಮುಗಿಸಿಕೊಳ್ಳಿ.

ನನ್ನಂಥವನ ಮಾತು ಬಿಡಿ, 2008ರ ಬೀಜಿಂಗ್ ಫೈನಲಿನ ಮುಂಚೆ ಅಭಿನವ್ ಬಿಂದ್ರಾ ಅಭ್ಯಾಸಕ್ಕೆ ಹೊಡೆದ ಗುಂಡು ನಡುವಿನಿಂದ ಎಲ್ಲೋ ದೂರ ಹೋಗಿತ್ತು. ಅವರ ಸೈಟ್ ಸರಿದಿತ್ತು. ಅವರು ಗಾಬರಿಯಾಗದೆ ಮತ್ತೆ ಸರಿಹೊಂದಿಸಿಕೊಂಡು ಚಿನ್ನ ಗೆದ್ದರು. ಅಭ್ಯಾಸದ ಗುಂಡುಗಳು ಇರುವುದೇ ಅದಕ್ಕೆ.

ದಿನಾ ಆಫೀಸಿಗೆ ಹೋಗುವಾಗ ಪರಂಗಿಮಲೆ, ಅಂದರೆ ಸೇಂಟ್ ಥಾಮಸ್ ಮೌಂಟ್, ಕಾಣುತ್ತದೆ. 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಅಲ್ಲಿಂದ ಪೆರುಂಬಾಕ್ಕಂ ಕಡೆಗೆ ನೂರು ಅಡಿಯ ಸರಪಣಿಯನ್ನು ನಾನೂರು ಸಲ ಇಟ್ಟು ಏಳೂವರೆ ಮೈಲಿ ಅಳೆದ. ಮುಂದೆ ತ್ರಿಕೋನಗಳ ಮೇಲೆ ತ್ರಿಕೋನ ಹೂಡಿ ಬೆಂಗಳೂರಿನವರೆಗೆ ಬಂದು, 1804ರಲ್ಲಿ ಅಲ್ಲಿ ಇನ್ನೊಂದು ಗೆರೆ ಅಳೆದು ತಾಳೆ ನೋಡಿದ. ಅವನದೂ ದುರ್ಬೀನಿನ ಕೆಲಸವೇ, ಥಿಯೋಡಲೈಟ್ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಅದು ಗೋಡೆಗೆ ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ಆರು ವಾರ ಅದರ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಎಳೆದು ಬಡಿದು ದುಂಡಗೆ ಮಾಡಿದನಂತೆ. ಸುಬೇದಾರರಿಗೆ ಈ ಕಥೆ ಹೇಳಿದೆ. ‘ಆರು ವಾರ ಕೂತನಲ್ಲ, ನೀನು ಒಂದು ಓವರ್ ಮುಗಿಯೋದರೊಳಗೆ ಬಿಗಿದೆ’ ಅಂದರು.

ಕಾವಲಿನ ಅಣ್ಣನಿಗೆ ನಿಜ ಹೇಳಲು ನನಗೆ ಮೂರು ವಾರ ಬೇಕಾಯಿತು. ಪ್ರತಿ ಭಾನುವಾರ ಅವರೇ ‘ವಾಂಗ ಸಾರ್’ ಅಂತ ಗೇಟು ತೆಗೆಯುವಾಗ ಬಾಯಿ ಬರುತ್ತಿರಲಿಲ್ಲ. ಮೂರನೇ ವಾರ ಶೆಡ್ಡಿನ ಹತ್ತಿರ ಹೋಗಿ, ನನ್ನ ಹರಕು ತಮಿಳಿನಲ್ಲಿ, ಅದು ಕಾಗೆಯಲ್ಲ, ನನ್ನ ಗುಂಡು, ತಪ್ಪಾಯಿತು ಅಂದೆ. ಅವರು ತಗಡಿನ ಮೇಲಿನ ಕಡಲೆಕಾಳಿನಷ್ಟು ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ತಾವು ಕೂರುವ ಮಂಚ ನೋಡಿದರು. ‘ಪರವಾಯಿಲ್ಲೆ ಸಾರ್’ ಅಂದರು.

ಈಗ ಬೋರ್ಡನ್ನು ದಿಬ್ಬದ ಬುಡಕ್ಕೆ ಇಳಿಸಿದ್ದೇವೆ, ಮೇಲೆ ಒಂದಾಳೆತ್ತರ ಮಣ್ಣಿದೆ. ನಾವು ಬಂದೂಕು ಹೊರತೆಗೆಯುವ ಮೊದಲು ಅವರನ್ನು ಈ ಕಡೆಗೆ ಕರೆದು ನಮ್ಮ ಹಿಂದೆ ಕುರ್ಚಿ ಹಾಕುತ್ತೇವೆ. ಆದರೂ ಮುಂದಿನ ವಾರ ಹೋದಾಗ ಹಗ್ಗದ ಮಂಚ ಶೆಡ್ಡಿನ ಆ ಬದಿಗೆ, ಬಾವಿಯ ಕಡೆ ಹೋಗಿತ್ತು. ಅಲ್ಲಿ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಇವತ್ತಿಗೂ ಮಂಚ ಅಲ್ಲೇ ಇದೆ.