ಕೋರ್ಟಿಗೆ ಸ್ಕ್ರೀನ್ ಬಂದ್ರೆ ಸಾಲದು, ವಿಡಿಯೋಗೆ ಸರ್ಟಿಫಿಕೇಟೂ ಬೇಕು

ಕಳ್ಳತನ, ಅಪಘಾತ, ಹೊಡೆದಾಟ... ಈಗ ಎಷ್ಟೋ ಕೇಸ್‌ಗಳಲ್ಲಿ ಸಿಸಿಟಿವಿ ಇಲ್ಲವೇ ಮೊಬೈಲ್ ವಿಡಿಯೋನೇ ದೊಡ್ಡ ಸಾಕ್ಷಿ. ಕೋರ್ಟ್‌ಗಳ ಡಿಜಿಟಲೀಕರಣಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂ. ವೆಚ್ಚದ ಇ-ಕೋರ್ಟ್ಸ್ 3ನೇ ಹಂತಕ್ಕೆ ಒಪ್ಪಿಗೆಯನ್ನೂ ಕೊಟ್ಟಿದೆ. ಆದರೆ ಪರದೆ ಮೇಲೆ ಓಡಿದ ಮಾತ್ರಕ್ಕೆ ವಿಡಿಯೋ ಸಾಕ್ಷ್ಯ ಆಗಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ, ಪೆನ್‌ಡ್ರೈವ್‌ನಲ್ಲಿ ಕಾಪಿ ಕೊಟ್ಟರೆ ಜೊತೆಗೆ ಎರಡು ಭಾಗದ ಸರ್ಟಿಫಿಕೇಟ್ ಬೇಕು. 'ಎ' ಭಾಗಕ್ಕೆ ವಿಡಿಯೋ ಹಾಜರುಪಡಿಸುವವರ ಸಹಿ, 'ಬಿ' ಭಾಗಕ್ಕೆ ತಜ್ಞರ ಸಹಿ. ಫೈಲ್‌ನ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಇದು ಫೈಲ್‌ನ ಬೆರಳಚ್ಚು ಇದ್ದ ಹಾಗೆ. ಒಂದು ಸೆಕೆಂಡ್ ಕತ್ತರಿಸಿದ್ರೂ ಬದಲಾಗುತ್ತೆ. ಮೂಲ ಸಾಧನವನ್ನೇ ತರದಿದ್ದರೆ ಸರ್ಟಿಫಿಕೇಟ್ ಕಡ್ಡಾಯ ಎಂದು ಹಳೇ ಕಾನೂನಿನಡಿಯೇ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಲ್ಲಿ ಹೇಳಿತ್ತು.

ಅಸಲಿ ಕಷ್ಟ ಇರೋದು ಸಮಯದ್ದು. ಅಂಗಡಿಯ ಡಿವಿಆರ್ ತುಂಬಿದ ಮೇಲೆ ಹಳೇ ದೃಶ್ಯ ತಾನಾಗೇ ಅಳಿಸಿ ಹೋಗುತ್ತೆ. ಹಾಗಾಗಿ ದೂರು ಕೊಟ್ಟ ದಿನವೇ ಅದನ್ನು ಜಪ್ತಿ ಮಾಡಿಸಬೇಕು. ಕೆಲವು ಡಿವಿಆರ್ ಫೈಲ್ ಮಾಮೂಲಿ ಪ್ಲೇಯರ್‌ನಲ್ಲಿ ಓಡಲ್ಲ. ವಿಚಾರಣೆಗೆ ಮೊದಲೇ ಕೋರ್ಟಿನ ಕಂಪ್ಯೂಟರಲ್ಲಿ ಹಾಕಿ ನೋಡೋದು ಒಳ್ಳೇದು. ಇಲ್ಲಾಂದ್ರೆ ಮತ್ತೊಂದು ದಿನಾಂಕ, ಮತ್ತೊಂದು ಬಸ್ ಚಾರ್ಜು. ಅದನ್ನು ಕಟ್ಟೋರು ಹಳ್ಳಿಯಿಂದ ಬರುವ ಕಕ್ಷಿದಾರರೇ.