ಮದ್ದು ಬರುವ ತನಕ ಇನ್ಸುಲಿನ್ ನಿಲ್ಲಿಸಬೇಡಿ

2025ರ ಜೂನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ವರದಿ ಪ್ರಕಟವಾಯಿತು. ಟೈಪ್ 1 ಮಧುಮೇಹವಿರುವ 12 ಮಂದಿಗೆ ಸ್ಟೆಮ್ ಸೆಲ್‌ನಿಂದ ಬೆಳೆಸಿದ, ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಕೊಡಲಾಗಿತ್ತು. ವರ್ಷ ತುಂಬುವ ಹೊತ್ತಿಗೆ ಅವರಲ್ಲಿ 10 ಮಂದಿಗೆ ಇನ್ಸುಲಿನ್ ಚುಚ್ಚುಮದ್ದೇ ಬೇಕಾಗಿರಲಿಲ್ಲ. ಒಂದು ಶತಮಾನದಿಂದ ಕಾದಿದ್ದ ಸುದ್ದಿ ಇದು. ದಿನಕ್ಕೆ ನಾಲ್ಕು ಸಲ ಮಗುವಿನ ಹೊಟ್ಟೆಗೋ ತೊಡೆಗೋ ಸೂಜಿ ಚುಚ್ಚುವ ತಾಯಿ ಇದನ್ನು ಓದಿದರೆ ಕಣ್ಣು ತುಂಬಿ ಬಂದೀತು.

ಆದರೆ ಇಂಥ ವರದಿ ನಮ್ಮ ಮನೆಗಳನ್ನು ತಲುಪುವಾಗ ‘ಶುಗರ್‌ಗೆ ಔಷಧಿ ಕಂಡುಹಿಡಿದರಂತೆ’ ಎಂಬ ಒಂದೇ ಸಾಲಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅದರ ಹಿಂದೆಯೇ ಇನ್ನೊಂದು ಸಂದೇಶ ಬರುತ್ತದೆ: ಇಂತಿಷ್ಟು ದಿನದಲ್ಲಿ ಸಕ್ಕರೆ ಕಾಯಿಲೆ ಬೇರುಸಹಿತ ವಾಸಿ, ಇನ್ಸುಲಿನ್ ಬೇಕಿಲ್ಲ. ಮೊದಲನೆಯದು ಹುಟ್ಟಿಸಿದ ಆಸೆಯನ್ನು ಎರಡನೆಯದು ಮಾರಿಕೊಳ್ಳುತ್ತದೆ. ನನ್ನ ಆತಂಕ ಇರುವುದು ಇಲ್ಲೇ.

ಆ ವರದಿಯಲ್ಲೇ ಬರೆದಿರುವ ಉಳಿದ ಸಂಗತಿಗಳನ್ನೂ ನೋಡಬೇಕು. ಪ್ರಯೋಗಕ್ಕೆ ಸೇರಿಸಿಕೊಂಡದ್ದು, ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿದರೂ ದೇಹ ಮುನ್ಸೂಚನೆ ಕೊಡದಂಥ ರೋಗಿಗಳನ್ನು. ಅವರಿಗೆ ಯಾವ ಗಳಿಗೆಯಲ್ಲಿ ಬೇಕಾದರೂ ಪ್ರಜ್ಞೆ ತಪ್ಪಬಹುದಿತ್ತು. ಹೊಸ ಜೀವಕೋಶಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ಬಿಟ್ಟರು. ದೇಹ ಅವನ್ನು ಕೊಂದುಹಾಕದಿರಲು ರೋಗನಿರೋಧಕ ಶಕ್ತಿಯನ್ನೇ ಅದುಮಿಡುವ ಮಾತ್ರೆಗಳನ್ನು ಬಿಡದೆ ನುಂಗಬೇಕು. ಆ ಮಾತ್ರೆಗಳಿಂದ ಸೋಂಕಿನ ಭಯ, ಮೂತ್ರಪಿಂಡಕ್ಕೆ ಪೆಟ್ಟು. ಪ್ರಯೋಗದಲ್ಲಿದ್ದ ಒಟ್ಟು 14 ಮಂದಿಯಲ್ಲಿ ಇಬ್ಬರು ತೀರಿಕೊಂಡರು. ಜೀವಕೋಶಗಳು ಅದಕ್ಕೆ ಕಾರಣವಲ್ಲ ಎಂದು ಸಂಶೋಧಕರು ಹೇಳಿದ್ದರೂ, ಒಬ್ಬರ ಸಾವಿಗೆ ಕಾರಣ ಮಿದುಳು ಪೊರೆಯ ಸೋಂಕು. ಎಂಟು ವರ್ಷದ ಮಗುವಿಗೆ ಇಂಥ ಚಿಕಿತ್ಸೆ ಕೊಡಲು ಇವತ್ತು ಯಾವ ವೈದ್ಯರೂ ಒಪ್ಪಲಾರರು.

ಟೈಪ್ 1 ಮಧುಮೇಹದ ಕಗ್ಗಂಟು ಇರುವುದೇ ಈ ರೋಗನಿರೋಧಕ ಶಕ್ತಿಯಲ್ಲಿ. ಮೇದೋಜ್ಜೀರಕ ಗ್ರಂಥಿಯೊಳಗೆ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನು ದೇಹದ ಕಾವಲು ಪಡೆಯೇ ಶತ್ರುವೆಂದು ಬಗೆದು ನಾಶ ಮಾಡುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿ ಬಸುರಿಯಾಗಿದ್ದಾಗ ಏನು ಉಂಡಳು ಎಂಬುದಕ್ಕೂ ಇಲ್ಲ. (ಈ ಮಾತನ್ನು ಅತ್ತೆ ಮನೆಯವರು ಒಮ್ಮೆ ಕೇಳಿಸಿಕೊಂಡರೆ ಎಷ್ಟೋ ಹೆಣ್ಣುಮಕ್ಕಳ ಸಂಕಟ ಕಡಿಮೆಯಾದೀತು.) ಹೊಸ ಜೀವಕೋಶಗಳನ್ನು ಕೊಟ್ಟರೂ ಅವುಗಳ ಮೇಲೆ ಅದೇ ದಾಳಿ ನಡೆಯುತ್ತದೆ.

ಈ ದಾರಿಯಲ್ಲಿ ವಿಜ್ಞಾನ ಹಿಂದೆಯೂ ಗೆದ್ದು ಸೋತಿದೆ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ಅವರ ತಂಡ, ಮೃತ ದಾನಿಗಳಿಂದ ಪಡೆದ ಜೀವಕೋಶಗಳನ್ನು ಏಳು ಮಂದಿಗೆ ಕಸಿ ಮಾಡಿತು. ಏಳೂ ಮಂದಿ ಇನ್ಸುಲಿನ್ ಬಿಟ್ಟರು, ಜಗತ್ತು ಸಂಭ್ರಮಿಸಿತು. ಐದು ವರ್ಷಗಳ ನಂತರ ಅದೇ ತಂಡ, ಕಸಿ ಮಾಡಿಸಿಕೊಂಡವರಲ್ಲಿ ಸುಮಾರು ಶೇ 10ರಷ್ಟು ಮಂದಿ ಮಾತ್ರ ಇನ್ಸುಲಿನ್ ಇಲ್ಲದೆ ಉಳಿದಿದ್ದಾರೆಂದು ತಾನೇ ಪ್ರಕಟಿಸಿತು. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಮುಂದಿನವರು ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾದದ್ದು ಅದರಿಂದಲೇ. ಈಗ ಸ್ವೀಡನ್ನಿನ ಉಪ್ಸಾಲಾದಲ್ಲಿ, ಕಾವಲು ಪಡೆಯ ಕಣ್ಣಿಗೆ ಬೀಳದಂತೆ ವಂಶವಾಹಿ ತಿದ್ದಿದ ಜೀವಕೋಶಗಳನ್ನು ಒಬ್ಬ ರೋಗಿಯ ಮುಂಗೈ ಸ್ನಾಯುವಿನಲ್ಲಿ ಇಟ್ಟಿದ್ದಾರೆ. ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆಯಿಲ್ಲದೆಯೇ ಅವು ಬದುಕಿ ಇನ್ಸುಲಿನ್ ಸ್ರವಿಸಿವೆ. ಪ್ರಮಾಣ ತೀರಾ ಕಡಿಮೆ, ಆ ರೋಗಿ ಚುಚ್ಚುಮದ್ದು ಬಿಟ್ಟಿಲ್ಲ. ಆದರೂ ನಾನು ಹೆಚ್ಚು ಭರವಸೆ ಇಟ್ಟಿರುವುದು ಈ ಸಣ್ಣ ಪ್ರಯೋಗದ ಮೇಲೆಯೇ.

ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2ರ ಕಥೆ ಬೇರೆ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕೆಲ್ ಲೀನ್ ನಡೆಸಿದ ಪ್ರಯೋಗದಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಆಹಾರ ಕೊಟ್ಟು ತೂಕ ಇಳಿಸಿದಾಗ, ವರ್ಷದ ಕೊನೆಗೆ ಶೇ 46ರಷ್ಟು ಮಂದಿ ಔಷಧಿಯಿಲ್ಲದೆ ಸಹಜ ಸ್ಥಿತಿಗೆ ಮರಳಿದ್ದರು. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ. ಹಾಗಾಗಿ ವೈದ್ಯರು ಇದನ್ನು ವಾಸಿಯಾಯಿತು ಎನ್ನುವುದಿಲ್ಲ, ಉಪಶಮನ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ನಮ್ಮ ದೇಶಕ್ಕೆ ಇದೂ ದೊಡ್ಡ ಸಮಾಧಾನವೇ.

ವಾಟ್ಸ್‌ಆ್ಯಪ್ ಸಂದೇಶಗಳನ್ನು ದೂರಿದೆನೆಂದು ಗಿಡಮೂಲಿಕೆಯನ್ನು ನಾನು ಹೀಗಳೆಯುತ್ತಿಲ್ಲ. ಕೋಟ್ಯಂತರ ಜನ ನುಂಗುವ ಮೆಟ್‌ಫಾರ್ಮಿನ್‌ನ ಮೂಲ ಯುರೋಪಿನ ಒಂದು ಕಳೆಗಿಡದಲ್ಲಿದೆ. ಮೆಂತ್ಯ, ಹಾಗಲಕಾಯಿ, ಮಧುನಾಶಿನಿ ಇವುಗಳ ಮೇಲೂ ಅಧ್ಯಯನಗಳು ನಡೆದಿವೆ. ಟೈಪ್ 2 ಇರುವವರು ವೈದ್ಯರಿಗೆ ತಿಳಿಸಿ, ಮಾತ್ರೆಯ ಜೊತೆಗೆ ಮೆಂತ್ಯದ ನೀರು ಕುಡಿದರೆ ತಕರಾರೇನಿಲ್ಲ. ಆದರೆ ಬೀಟಾ ಜೀವಕೋಶಗಳೇ ಇಲ್ಲದ ಮಗುವಿಗೆ ಯಾವ ಕಷಾಯವೂ ಇನ್ಸುಲಿನ್ ಆಗಲಾರದು. ಚುಚ್ಚುಮದ್ದು ನಿಲ್ಲಿಸಿದರೆ ಒಂದೆರಡು ದಿನದಲ್ಲೇ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಅಜೀರ್ಣವೆಂದು ಮನೆಮದ್ದು ಮಾಡುತ್ತ ಕೂತರೆ ಮಗು ಪ್ರಜ್ಞೆ ತಪ್ಪುತ್ತದೆ, ಸಾಯಲೂಬಹುದು. ಮಧುಮೇಹವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು, ಇಂಥ ಔಷಧ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಆಗಬಹುದು. ಆದರೂ ಗೋಡೆಗಳ ಮೇಲೆ, ಫೋನಿನ ಪರದೆಯ ಮೇಲೆ ಆ ಜಾಹೀರಾತು ರಾಜಾರೋಷವಾಗಿ ಮೆರೆಯುತ್ತಿದೆ. ಅಧಿಕಾರಿಗಳು ಕಣ್ಣು ಮುಚ್ಚಿ ಕೂತಿರುವುದಕ್ಕೆ ಕ್ಷಮೆಯಿಲ್ಲ.

ನಿಲ್ಲಿಸಬಾರದ ಆ ಇನ್ಸುಲಿನ್‌ನ ಕಥೆ ಶುರುವಾದದ್ದೂ ಒಬ್ಬ ಹುಡುಗನಿಂದಲೇ. 1922ರ ಜನವರಿಯಲ್ಲಿ ಟೊರಾಂಟೊ ಆಸ್ಪತ್ರೆಯಲ್ಲಿ ಮೊದಲ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ 30 ಕಿಲೋ ಕೂಡ ಇರಲಿಲ್ಲ. ಮೊದಲ ಚುಚ್ಚುಮದ್ದು ಶುದ್ಧವಾಗಿರದೆ ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಹಗಲಿರುಳು ದುಡಿದು ಅದನ್ನು ಶುದ್ಧೀಕರಿಸಿದರು, ಹನ್ನೆರಡು ದಿನಗಳ ಬಳಿಕ ಕೊಟ್ಟದ್ದು ಹುಡುಗನನ್ನು ಉಳಿಸಿತು. ಅವನು ಇನ್ನೂ 13 ವರ್ಷ ಬದುಕಿದ. ಇನ್ಸುಲಿನ್ ಕಂಡುಹಿಡಿದ ತಂಡದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆದರೂ ಇವತ್ತಿಗೂ ಎಷ್ಟೋ ಬಡ ಮನೆಗಳಲ್ಲಿ ಇನ್ಸುಲಿನ್ ಲೆಕ್ಕ ಹಾಕಿ ಚುಚ್ಚುತ್ತಾರೆ, ಸ್ಟ್ರಿಪ್ ದುಬಾರಿಯೆಂದು ರಕ್ತ ಪರೀಕ್ಷೆಯನ್ನೇ ಬಿಡುತ್ತಾರೆ. ಇನ್ಸುಲಿನ್ ತಂಪಾಗಿರಲೆಂದು ಫ್ರಿಜ್ ಇಲ್ಲದವರು ಒಂದು ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಸೀಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಡುತ್ತಾರೆ. ಬೇಸಿಗೆಯಲ್ಲಿ ಆ ಮರಳು ಒಣಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಟೈಪ್ 1 ಇರುವ ಪ್ರತಿ ಮಗುವಿಗೆ ಇನ್ಸುಲಿನ್, ಸಿರಿಂಜ್, ಸ್ಟ್ರಿಪ್ ಮೂರೂ ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ, ತಿಂಗಳು ತಪ್ಪದೆ ಸಿಗಬೇಕು. ಸರ್ಕಾರವನ್ನು ನಾವು ಕೇಳಬೇಕಾದದ್ದು ಇದನ್ನು. ತಂದೆತಾಯಂದಿರಲ್ಲಿ ನನ್ನದು ಒಂದೇ ಬಿನ್ನಹ: ವಾಸಿ ಮಾಡುತ್ತೇವೆ ಎಂದು ಯಾರೇ ಬರಲಿ, ಎಷ್ಟೇ ದೊಡ್ಡ ಹೆಸರಿನವರಿರಲಿ, ಮಗುವಿನ ವೈದ್ಯರನ್ನು ಕೇಳದೆ ಒಂದು ಹೊತ್ತಿನ ಇನ್ಸುಲಿನ್ನನ್ನೂ ತಪ್ಪಿಸಬೇಡಿ.