ಮಿತ್ರಕೀಟಕ್ಕೂ ಒಂದು ಹದವುಂಟು



ಬಿತ್ತನೆಗೆ ಹದ ನೋಡುವವರು ಮಿತ್ರಕೀಟಗಳನ್ನು ಬಿಡುವಾಗ ಹದ ನೋಡುವುದು ಅಪರೂಪ. ಕಬ್ಬಿನ ಸುಳಿ ಒಣಗಿದ ಮೇಲೆ ಟ್ರೈಕೋಗ್ರಾಮ ಕಾರ್ಡು ತಂದು ಕಟ್ಟುತ್ತಾರೆ. ಫಲ ಕಾಣದೆ ಕೀಟನಾಶಕಕ್ಕೆ ಮರಳುತ್ತಾರೆ. ಈ ಪುಟ್ಟ ಕಣಜ ಮೊಟ್ಟೆಯಿಡುವುದು ಪೀಡೆಯ ಮೊಟ್ಟೆಯೊಳಗೆ ಮಾತ್ರ. ಮರಿಹುಳು ಹೊರಬಂದು ಕಾಂಡ ಹೊಕ್ಕ ಮೇಲೆ ಅದನ್ನು ಈ ಕಣಜ ಏನೂ ಮಾಡಲಾರದು.

ಸರಿಯಾದ ವೇಳೆಯನ್ನು ಲೆಕ್ಕ ಹಾಕಿ ತಿಳಿಯಬಹುದು. ಕೀಟಗಳ ಬೆಳವಣಿಗೆ ಹೊರಗಿನ ಉಷ್ಣತೆಯನ್ನು ಅವಲಂಬಿಸಿದೆ. ಪ್ರತಿಯೊಂದು ಕೀಟಕ್ಕೂ ಒಂದು ಕನಿಷ್ಠ ಉಷ್ಣತೆಯಿದ್ದು, ಅದರ ಕೆಳಗೆ ಬೆಳವಣಿಗೆ ನಿಲ್ಲುತ್ತದೆ. ಅದಕ್ಕೆ ಮೇಲ್ಪಟ್ಟ ಉಷ್ಣತೆಯನ್ನು ದಿನದಿನವೂ ಕೂಡುತ್ತ ಹೋದರೆ ಮೊಟ್ಟೆ ಎಂದು ಒಡೆಯುವುದು, ಮುಂದಿನ ಪೀಳಿಗೆ ಎಂದು ಬರುವುದು ಎಂಬ ಅಂದಾಜು ಸಿಗುತ್ತದೆ. ಪೀಡೆಯ ಲೆಕ್ಕವೇ ಬೇರೆ, ಮಿತ್ರಕೀಟದ ಲೆಕ್ಕವೇ ಬೇರೆ. ಎರಡನ್ನೂ ಹೋಲಿಸಿದಾಗ ಯಾವ ಪ್ರದೇಶದಲ್ಲಿ, ಯಾವ ತಿಂಗಳಲ್ಲಿ ಮಿತ್ರಕೀಟ ಮೇಲುಗೈ ಪಡೆಯುವುದು, ಎಲ್ಲಿ ಹಿಂದೆ ಬೀಳುವುದು ಎಂಬುದು ಗೋಚರಿಸುತ್ತದೆ. ವಿಜ್ಞಾನಿಗಳು ಇದನ್ನೇ ಗಣಿತ ಮಾದರಿ ಎನ್ನುತ್ತಾರೆ.

೨೦೦೨ರಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ತಗುಲಿದ್ದು ಹಲವರಿಗೆ ನೆನಪಿರಬಹುದು. ಆಳೆತ್ತರ ಮೀರಿದ ಕಬ್ಬಿನಲ್ಲಿ ಸಿಂಪರಣೆ ಕಷ್ಟಸಾಧ್ಯ. ಹೇನನ್ನು ತಿನ್ನುವ ಡೈಫಾ ಮರಿಹುಳುಗಳೂ ಮೈಕ್ರೋಮಸ್ ಕೀಟಗಳೂ ಅಲ್ಲಿಯೇ ವೃದ್ಧಿಯಾಗಿ ಹತೋಟಿಗೆ ನೆರವಾದವು. ಆದರೆ ತಿನ್ನಲು ಹೇನು ಸಿಕ್ಕಿದ ಮೇಲೆಯೇ ಮಿತ್ರಕೀಟ ಹೆಚ್ಚುವುದು. ಈ ನಡುವಿನ ದಿನಗಳಲ್ಲಿ ಅವಸರಪಟ್ಟು ಸಿಂಪಡಿಸಿದರೆ ಎರಡೂ ಸಾಯುತ್ತವೆ. ಮತ್ತೆ ಮೊದಲು ಚಿಗುರಿಕೊಳ್ಳುವುದು ಹೇನೇ. ಆಗ ಔಷಧಿಯ ಖರ್ಚು ಎರಡನೆಯ ಸಲವೂ ನಿಮ್ಮ ತಲೆಗೇ ಬರುತ್ತದೆ.

ಆದ್ದರಿಂದ ಪೀಡೆಯ ಮುನ್ಸೂಚನೆಯಲ್ಲಿ ಪೀಡೆಯ ಸಂಖ್ಯೆಯೊಂದನ್ನೇ ಹೇಳಿದರೆ ಸಾಲದೆಂಬುದು ನನ್ನ ಅಭಿಪ್ರಾಯ. ಮಿತ್ರಕೀಟ ಎಷ್ಟಿದೆ, ಎಷ್ಟು ದಿನದಲ್ಲಿ ಪೀಡೆಯನ್ನು ತಡೆಯಬಲ್ಲದು ಎಂಬುದನ್ನೂ ತಿಳಿಸಬೇಕು. ಇದಕ್ಕೆ ನಿಮ್ಮ ನೆರವೂ ಅಗತ್ಯ. ಹವಾಮಾನ ಕೇಂದ್ರದಲ್ಲಿ ಅಳೆದ ಉಷ್ಣತೆ, ಒತ್ತಾಗಿ ಬೆಳೆದ ಕಬ್ಬಿನ ನಡುವಿನ ಉಷ್ಣತೆಗೆ ಸಮನಲ್ಲ. ವಾರಕ್ಕೊಮ್ಮೆ ಹೊಲದ ನಾಲ್ಕಾರು ಕಡೆ ಎಲೆ ತಿರುವಿ ನೋಡಿ, ಪೀಡೆಯನ್ನೂ ಮಿತ್ರಕೀಟವನ್ನೂ ಎಣಿಸಿ ಬರೆದಿಡಿ. ರೈತರ ಎಣಿಕೆ ಸೇರದ ಮಾದರಿ ಕಾಗದದಲ್ಲೇ ಉಳಿಯುತ್ತದೆ.

ಮಿತ್ರಕೀಟವಿಲ್ಲದೆ ಪೀಡೆ ಮಿತಿಮೀರಿದ್ದರೆ ತಜ್ಞರ ಸಲಹೆಯಂತೆ ಔಷಧಿ ಬಳಸಿ. ಮಿತ್ರಕೀಟ ಹೆಚ್ಚುತ್ತಿದ್ದರೆ ಸಿಂಪರಣಾ ಯಂತ್ರವನ್ನು ಇನ್ನೊಂದು ವಾರ ಕೆಳಗಿಡಿ.